ಬಾಗಿಲ ಮೇಲಿನ ಹೆಸರು

ಅಕ್ಟೋಬರ್ ಇಪ್ಪತ್ನಾಲ್ಕಕ್ಕೆ ಮರಿಯಪ್ಪನಿಗೆ ನಲವತ್ತೈದು ತುಂಬುತ್ತಿತ್ತು. ಆ ತಾರೀಖನ್ನು ಕೊಟ್ಟವರು ಮಾಗಡಿ ರಸ್ತೆಯ ಸರ್ಕಾರಿ ಶಾಲೆಯ ಮೇಷ್ಟ್ರು. ‘ದೀಪಾವಳಿ ಹತ್ತಿರ ಹುಟ್ಟಿದ್ದು ಸ್ವಾಮಿ’ ಎಂದು ಅವ್ವ ಹೇಳಿದ್ದಕ್ಕೆ ಅವರು ಪೆನ್ನನ್ನು ಗಾಳಿಯಲ್ಲಿ ಎರಡು ಸುತ್ತು ಸುತ್ತಿಸಿ ಬರೆದುಕೊಂಡ ಅಂದಾಜಿನ ದಿನ ಅದು. ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಆ ಅಂದಾಜು ಈಗ ಸಿಡ್ನಿಯಲ್ಲಿ ಅವನ ಕುತ್ತಿಗೆಯ ಮೇಲೆ ಬಂದು ಕೂತಿತ್ತು.

ವಿಷಯ ಇಷ್ಟೆ. ಕೆಲಸದ ವೀಸಾ ಮೇಲೆ ಬಂದವನಿಗೆ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ, ಬೇಕಾದರೆ ಮಾಲೀಕನೇ ‘ಇವನು ನಮಗೆ ಕಾಯಂ ಬೇಕು’ ಎಂದು ಸಹಿ ಹಾಕಿಕೊಡಬೇಕು. ಅರ್ಜಿ ನಲವತ್ತೈದು ತುಂಬುವ ಮೊದಲೇ ಹೋಗಬೇಕು. ಒಂದು ದಿನ ತಡವಾದರೂ ಮುಗಿಯಿತು. ವೀಸಾ ತೀರಿದ ದಿನ ಗಂಟುಮೂಟೆ ಕಟ್ಟಬೇಕು. ಪ್ಯಾರಮಟ್ಟಾದ ವೀಸಾ ಏಜೆಂಟಮ್ಮ ಎಲ್ಲ ಕಾಗದ ಜೋಡಿಸಿ, ಸಹಿ ಬೀಳಬೇಕಾದ ಕಡೆಗೆಲ್ಲ ಹಳದಿ ಚೀಟಿ ಅಂಟಿಸಿ ಆಗಸ್ಟಿನಲ್ಲೇ ಕೊಟ್ಟಿದ್ದಳು. ಆ ಫೈಲು ಡ್ಯಾರೆನ್‌ನ ಮೇಜಿನ ಮೇಲೆ ಕೂತಿತ್ತು.

ಡ್ಯಾರೆನ್ ಎಂದರೆ ಮರಿಯಪ್ಪನ ಮಾಲೀಕ. ಮರಿಯಪ್ಪನ ಮನೆಯಿದ್ದ ಗಿರಾವೀನ್‌ನಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಅವನ ವರ್ಕ್‌ಶಾಪ್. ಹಳೇ ಕಾರು, ಹಳೇ ಲಾರಿಗಳ ಮೈಯನ್ನು ಉಳಿಸಿಕೊಂಡು, ಅಡಿಯಲ್ಲಿ ಹೊಸ ಚಾಸಿ, ಮುಂದೆ ರಾಕ್ಷಸ ಎಂಜಿನ್ ಕೂರಿಸಿ, ನೆಲ ಮುಟ್ಟುವ ಹಾಗೆ ತಗ್ಗಿಸಿ ಹಾಟ್ ರಾಡ್ ಮಾಡುವುದು ಅಲ್ಲಿಯ ಕಸುಬು. ಮರಿಯಪ್ಪ ಅಲ್ಲಿ ಡೆಂಟಿಂಗ್ ಮತ್ತು ಪೇಂಟಿಂಗ್. ಕಲಾಸಿಪಾಳ್ಯದ ಬಸ್ ಬಾಡಿ ಶೆಡ್ಡಿನಲ್ಲಿ ಹಗಲು ದುಡಿದು, ಸಂಜೆ ಪಾಳಿಯಲ್ಲಿ ಐಟಿಐ ಮುಗಿಸಿದವನು. ಬಣ್ಣ ಹೊಂದಿಸುವುದರಲ್ಲಿ ಅವನ ಕಣ್ಣಿಗೆ ಸಾಟಿಯಿಲ್ಲ ಎಂದು ಡ್ಯಾರೆನ್ನೇ ಬಂದವರಿಗೆಲ್ಲ ಹೇಳುತ್ತಿದ್ದ. ಮರಿಯಪ್ಪನಿಗೆ ಮಾತ್ರ ಆ ಮಾತು ಕೇಳಿದಾಗಲೆಲ್ಲ ತನಗೆ ಅಷ್ಟೇನೂ ಬರುವುದಿಲ್ಲವೆಂದು ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ ಅನ್ನಿಸುತ್ತಿತ್ತು. ಕನ್ನಡ ಸಂಘದ ಊಟದಲ್ಲಿ ಯಾರಾದರೂ ‘ಯಾವ ಕಂಪನಿ ಸಾರ್?’ ಎಂದರೆ ‘ಆಟೋಮೊಬೈಲ್’ ಎಂದಷ್ಟೇ ಹೇಳಿ ಪಲ್ಯದ ಕಡೆ ತಿರುಗುತ್ತಿದ್ದ.

ಸಹಿಯ ವಿಷಯ ಎತ್ತಿದಾಗೆಲ್ಲ ಡ್ಯಾರೆನ್‌ನದು ಒಂದೇ ಉತ್ತರ. “ಮೆಲ್ಬರ್ನ್ ಮುಗೀಲಿ, ಮೇಟ್. ಫ್ರ್ಯಾಂಕ್ ಖುಷಿಯಾಗಲಿ. ಆ ಲಾರಿ ನೋಡಿ ಇನ್ನು ನಾಲ್ಕು ಜನ ಕೆಲಸ ಕೊಟ್ಟರೆ ನಿನ್ನನ್ನು ಕಾಯಂ ಇಟ್ಟುಕೊಳ್ಳೋದಕ್ಕೆ ನನಗೂ ಕಾರಣ ಸಿಗುತ್ತೆ. ಸೋಮವಾರ ಬಂದ ತಕ್ಷಣ ಸಹಿ.”

ಮೆಲ್ಬರ್ನಿನ ಹಳೇ ಗಾಡಿಗಳ ಶೋ ಅಕ್ಟೋಬರ್ ಹನ್ನೊಂದಕ್ಕೆ. ಹದಿಮೂರು ದಿನ ಕೈಯಲ್ಲಿ ಉಳಿಯುತ್ತಿತ್ತು. ಸಾಕು ಎಂದು ಮರಿಯಪ್ಪ ಲೆಕ್ಕ ಹಾಕುತ್ತಿದ್ದ. ಸಾಲದು ಎಂದು ಅವನ ಹೆಂಡತಿ ಮಾಧುರಿ ದಿನಾ ಬೆಳಗ್ಗೆ ಕ್ಯಾಲೆಂಡರ್ ನೋಡುತ್ತಿದ್ದಳು. ಹನ್ನೊಂದನೇ ತರಗತಿಯ ಮಗಳು ಆದ್ಯಾಳಿಗೆ ಇಬ್ಬರೂ ಏನೂ ಹೇಳಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು.

ಶೋಗೆ ಹೋಗಬೇಕಿದ್ದದ್ದು ಗಿರಾಕಿ ಫ್ರ್ಯಾಂಕ್ ಬರ್ತೇಲಿಯ ಲಾರಿ, ೧೯೪೮ರ ಬೆಡ್‌ಫರ್ಡ್. ಅವನಪ್ಪ ಇಟಲಿಯಿಂದ ಹಡಗಿನಲ್ಲಿ ಬಂದು ಮೆಲ್ಬರ್ನಿನಾಚೆ ವೆರಿಬೀಯ ಬಯಲಲ್ಲಿ ಹೂಕೋಸು ಬೆಳೆದವನು. ಆ ಲಾರಿಯಲ್ಲೇ ತರಕಾರಿ ಮಾರ್ಕೆಟ್ಟಿಗೆ ಹೊಡೆಯುತ್ತಿದ್ದ. ಎಡಗಡೆಯ ಬಾಗಿಲ ಮೇಲೆ ಅವನೇ ಬ್ರಷ್ ಹಿಡಿದು ಹಸಿರು ಬಣ್ಣದಲ್ಲಿ, ಇಂಗ್ಲಿಷಿನಲ್ಲಿ ಬರೆದಿದ್ದ: ‘ಎ. ಬರ್ತೇಲಿ ಆ್ಯಂಡ್ ಸನ್, ತರಕಾರಿ’. ಆಗ ಆ ‘ಸನ್’ಗೆ ಮೂರು ವರ್ಷ. ಈಗ ಎಪ್ಪತ್ತಾರು.

ಎರಡು ವರ್ಷ ಆ ಲಾರಿಗೆ ದುಡಿದರು. ಮೈಯ ಹಳೇ ಕೆನೆಬಣ್ಣ, ಅಲ್ಲಲ್ಲಿ ಎದ್ದ ತುಕ್ಕು, ಗೀರು, ಯಾವುದನ್ನೂ ತೆಗೆಯಬಾರದು ಎಂದು ಫ್ರ್ಯಾಂಕ್ ಮೊದಲೇ ಹೇಳಿದ್ದ. ತುಕ್ಕನ್ನು ಕಂಡರೆ ಕೈ ಕಡಿಯುವ ಮರಿಯಪ್ಪನಿಗೆ ಮೊದಮೊದಲು ಅದು ಹುಚ್ಚಾಟವಾಗಿ ಕಂಡಿತ್ತು. ಆಮೇಲಾಮೇಲೆ ಅದರ ರುಚಿ ಹತ್ತಿತು. ಇಡೀ ಮೈಗೆ ಬಣ್ಣವೂ ಹೊಳಪೂ ಇಲ್ಲದ ಲ್ಯಾಕರ್ ಲೇಪ ಎಳೆದು ಹಳತನ್ನು ಹಳತಾಗಿಯೇ ಹಿಡಿದಿಟ್ಟ. ಬಾಗಿಲು ಒಂದನ್ನು ಬಿಟ್ಟು. “ಅಪ್ಪನ ಅಕ್ಷರದ ಮೇಲೆ ಏನೂ ಬೇಡ, ಲ್ಯಾಕರ್ ಕೂಡ ಬೇಡ,” ಎಂದು ಫ್ರ್ಯಾಂಕ್ ಫೋನಿನಲ್ಲಿ ಹೇಳಿದ್ದ. ಹಾಗಾಗಿ ಆ ಬಾಗಿಲು ಬರಿಮೈಯಲ್ಲಿತ್ತು. ಮುಟ್ಟಿದರೆ ಬೆರಳಿಗೆ ಸೀಮೆಸುಣ್ಣದ ಹಾಗೆ ಪುಡಿ ಹತ್ತುತ್ತಿತ್ತು.

ಅಕ್ಟೋಬರ್ ಒಂದಕ್ಕೆ ಆಯುಧ ಪೂಜೆ. ಪ್ರತಿ ವರ್ಷ ಮರಿಯಪ್ಪ ತನ್ನ ಸುತ್ತಿಗೆ, ಸ್ಪ್ರೇ ಗನ್‌ಗಳನ್ನು ಮೂಲೆಯ ಬೆಂಚಿನ ಮೇಲೆ ಜೋಡಿಸಿ ಸದ್ದಿಲ್ಲದೆ ಪೂಜೆ ಮುಗಿಸುತ್ತಿದ್ದ. ಈ ಸಲ ಮಾಧುರಿಯೂ ರಜೆ ಹಾಕಿ ಬಂದಳು; ವೆಂಟ್ವರ್ಥ್‌ವಿಲ್‌ನ ಅಂಗಡಿಯಿಂದ ಸೇವಂತಿಗೆ, ಬೂದುಗುಂಬಳ, ಕುಂಕುಮ ತಂದಿದ್ದಳು. ಡ್ಯಾರೆನ್ ಕಾಫಿ ಲೋಟ ಹಿಡಿದು ನೋಡುತ್ತ ನಿಂತ.

“ಲಾರಿಗೂ ಮಾಡ್ಬಿಡು ಮ್ಯಾರಿ, ನಷ್ಟ ಏನು?” ಎಂದ. ಮರಿಯಪ್ಪ ಎಂಬ ಹೆಸರು ಅವನ ಬಾಯಲ್ಲಿ ಹಾಗೆ ಮೊಟಕಾಗಿತ್ತು.

ಮಾಧುರಿಯ ಮುಖ ಅರಳಿತು. “ನೋಡಿ, ಅವ್ರೇ ಹೇಳ್ತಾವ್ರೆ. ಒಳ್ಳೇದಾಗ್ತದೆ ಕಣ್ರೀ, ಮಾಡಿ.”

ಮರಿಯಪ್ಪ ಬಾನೆಟ್ಟಿಗೆ ವಿಭೂತಿ ಎಳೆದ, ಗಾಜಿಗೆ ಅರಿಶಿನ ಕುಂಕುಮ ಇಟ್ಟ, ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟ. ಬಾಗಿಲ ಹತ್ತಿರ ಬಂದಾಗ ಅವನ ಕೈ ತಡೆಯಿತು. ಅಲ್ಲಿ ಒಬ್ಬ ಹಿರಿಯನ ಹೆಸರಿತ್ತು. ಪರದೇಶಕ್ಕೆ ಬಂದು, ಮಣ್ಣು ಅಗೆದು, ಲಾರಿ ಕೊಂಡು, ಮಗನಿಗೂ ಜಾಗ ಕೊಟ್ಟು ಬರೆದು ಸತ್ತ ಮನುಷ್ಯ. ಲಾರಿಗೆಲ್ಲ ಇಟ್ಟು ಯಜಮಾನನಿಗೇ ಬಿಟ್ಟರೆ ಹೇಗೆ? ಹಬ್ಬದ ದಿನ ಮನೆಯ ಹಿರಿಯರ ಫೋಟೋಗೆ ಇಡುವುದಿಲ್ಲವೆ, ಹಾಗೆ. ಅರಿಶಿನ ಕುಂಕುಮವನ್ನು ನೀರಲ್ಲಿ ಕಲಸಿ, ಹೆಸರಿನ ಪಕ್ಕದಲ್ಲಿ ಮೂರು ಬೊಟ್ಟು ಇಟ್ಟ. ಕಣ್ಣು ಮುಚ್ಚಿ ಕೈಮುಗಿದ. ನಿಜ ಹೇಳಬೇಕೆಂದರೆ ಕೇಳಿಕೊಂಡದ್ದು ಸಹಿಯನ್ನೇ.

ಬೊಟ್ಟು ಕೊಂಚ ನೀರಾಗಿತ್ತು. ಅದರಲ್ಲೊಂದು ಇಳಿದು ‘ಸನ್’ ಎಂಬುದರ ಮೊದಲ ಅಕ್ಷರದ ಮೇಲೆ ಹರಿಯಿತು. ಪೂಜೆಯದ್ದನ್ನು ಅವತ್ತೇ ಒರೆಸಬಾರದು. ನಾಳೆ ಒರೆಸಿದರಾಯಿತು ಎಂದುಕೊಂಡ. ಕಲಾಸಿಪಾಳ್ಯದಲ್ಲಿ ನೂರಾರು ಬಸ್ಸಿಗೆ ಹೀಗೇ ಮಾಡಿದ್ದ. ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಒಂದು ಕೈ ಎಳೆದರೆ ಎಲ್ಲ ಹೋಗುತ್ತಿತ್ತು. ಅವೆಲ್ಲ ಹೊಸ ಪೇಂಟಿನ ಬಸ್ಸುಗಳು. ಎಪ್ಪತ್ತು ವರ್ಷ ಬಿಸಿಲುಂಡು ಜೀವ ಬಿಟ್ಟ ಪೇಂಟು ಹೇಗಿರುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಆ ವರ್ಕ್‌ಶಾಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಆ ಗಳಿಗೆಯಲ್ಲಿ ಅವನಿಗೆ ಅದು ಹೊಳೆಯಲಿಲ್ಲ.

ವಿಜಯದಶಮಿಯ ಬೆಳಗ್ಗೆ ಬಟ್ಟೆ ಎಳೆದ. ಬೊಟ್ಟು ಹೋಯಿತು, ಕಲೆ ಉಳಿಯಿತು. ಬಾಗಿಲು ಬಣ್ಣವನ್ನು ಬ್ಲಾಟಿಂಗ್ ಪೇಪರಿನ ಹಾಗೆ ಕುಡಿದುಬಿಟ್ಟಿತ್ತು. ಇನ್ನೊಮ್ಮೆ ಮೆಲ್ಲಗೆ ಒತ್ತಿದ. ಬಟ್ಟೆಗೆ ಹತ್ತಿದ್ದು ಕುಂಕುಮವಲ್ಲ, ಫ್ರ್ಯಾಂಕ್‌ನ ಅಪ್ಪನ ಕಾಲದ ಕೆನೆಬಣ್ಣ. ಮರಿಯಪ್ಪನ ಕೈ ಅಲ್ಲೇ ನಿಂತಿತು.

ಹೇಳಿಬಿಡಬೇಕು ಎಂದು ಅವನು ನೇರವಾಗಿ ಆಫೀಸಿಗೆ ಹೋದದ್ದು ನಿಜ. ಬಾಗಿಲು ತಟ್ಟಿ ಒಳಗೆ ಕಾಲಿಟ್ಟದ್ದೂ ನಿಜ. ಡ್ಯಾರೆನ್ ಫೋನಿನಲ್ಲಿದ್ದ. ಇವನನ್ನು ಕಂಡು, ಫೋನನ್ನು ಹೆಗಲಿಗೆ ಒತ್ತಿಕೊಂಡು, ಮೇಜಿನ ರಾಶಿಯ ಮೇಲಿದ್ದ ಹಳದಿ ಚೀಟಿಯ ಫೈಲನ್ನು ಎತ್ತಿ ಅಲ್ಲಾಡಿಸಿದ. “ನೋಡು, ಎಲ್ಲಕ್ಕಿಂತ ಮೇಲಿಟ್ಟಿದ್ದೀನಿ. ಚಿಂತೆ ಮಾಡಬೇಡ. ಬೇರೆ ಏನಾದರೂ?”

“ಏನಿಲ್ಲ,” ಎಂದ ಮರಿಯಪ್ಪ.

ಅಂದಿನಿಂದ ಅವನು ಬಾಗಿಲಿಗೊಂದು ಮೆತ್ತನೆಯ ಬಟ್ಟೆ ಕಟ್ಟಿ, ಧೂಳು ಬೀಳಬಾರದು ಎಂದು ಎಲ್ಲರಿಗೂ ಹೇಳಿದ. ಮಧ್ಯಾಹ್ನ ಉಳಿದವರು ಊಟಕ್ಕೆ ಕೂತಾಗ ಲಾರಿಯನ್ನು ಹೊರಗೆ ತಂದು, ಬಟ್ಟೆ ಬಿಚ್ಚಿ, ಬಾಗಿಲನ್ನು ಬಿಸಿಲಿಗೆ ಹಿಡಿದು ನಿಲ್ಲಿಸುತ್ತಿದ್ದ. ಅರಿಶಿನ ಬಿಸಿಲಿಗೆ ಹೋಗುತ್ತದೆ ಎಂದು ಮಾಧುರಿ ಹೇಳಿದ್ದಳು. ಅವಳು ಹೇಳಿದ ಹಾಗೆ ಹಳದಿ ನಾಲ್ಕು ದಿನದಲ್ಲಿ ಹೋಯಿತು. ಕೆಂಪು ಉಳಿಯಿತು. ಅಂಗಡಿಯ ಕುಂಕುಮ, ಅದಕ್ಕೆ ಏನು ಬೆರೆಸಿದ್ದರೋ.

“ನಾನು ತಂದ ಕುಂಕುಮಾನೇ ಹಿಂಗೆ ಮಾಡ್ಬೇಕಾ?” ಎಂದು ಮಾಧುರಿ ಅಡುಗೆಮನೆಯಲ್ಲಿ ನಿಂತು ಅತ್ತಳು. “ಹೇಳ್ಬಿಡಿ ಅಂದ್ರೂ ಭಯ, ಬೇಡ ಅಂದ್ರೂ ಭಯ. ನಂಗೊಂದೂ ತೋಚ್ತಿಲ್ಲ ಕಣ್ರೀ.”

ಗುರುವಾರ ಬೆಳಗ್ಗೆ ಲಾರಿಯನ್ನು ಟ್ರೇಲರ್ ಮೇಲೇರಿಸಿ ಹೊರಟರು. ಒಂಬೈನೂರು ಕಿಲೋಮೀಟರ್ ಹತ್ತಿರ ಹತ್ತಿರ. ದಾರಿಯುದ್ದಕ್ಕೂ ಡ್ಯಾರೆನ್ ಹಾಡು ಹೇಳಿಕೊಳ್ಳುತ್ತಿದ್ದ. ಮರಿಯಪ್ಪ ಕನ್ನಡಿಯಲ್ಲಿ ಹಿಂದಿನ ಲಾರಿಯನ್ನೇ ನೋಡುತ್ತಿದ್ದ. ರಾತ್ರಿ ಮೆಲ್ಬರ್ನ್ ಸೇರಿ ಡ್ಯಾರೆನ್ ಮೋಟೆಲ್ ಹಿಡಿದ. ಅಲ್ಲಿ ಟ್ರೇಲರ್‌ಗೆ ಜಾಗವಿರಲಿಲ್ಲ. ಹತ್ತಿರದ ಪಾಯಿಂಟ್ ಕುಕ್‌ನಲ್ಲಿ ನಮ್ಮೂರಿನವನೊಬ್ಬನಿದ್ದಾನೆ, ದೊಡ್ಡ ಗ್ಯಾರೇಜಿದೆ, ಲಾರಿ ಅಲ್ಲಿರಲಿ ಎಂದ ಮರಿಯಪ್ಪ. ಅದನ್ನು ಅವನು ಸಿಡ್ನಿಯಲ್ಲೇ ಯೋಚಿಸಿಟ್ಟಿದ್ದ. ಟೂಲ್ ಬ್ಯಾಗಿನಲ್ಲಿ ನಾಲ್ಕು ಪುಟ್ಟ ಡಬ್ಬಿ ಪೇಂಟು, ಎರಡು ತೆಳು ಬ್ರಷ್ ಇದ್ದವು.

ಪ್ರಮೋದ್ ಮಾಗಡಿ ರಸ್ತೆಯವನೇ. ಮರಿಯಪ್ಪನಿಗಿಂತ ಹತ್ತು ವರ್ಷ ಚಿಕ್ಕವನು, ಕಂಪ್ಯೂಟರ್ ಕೆಲಸ, ಶುಕ್ರವಾರ ಮನೆಯಿಂದಲೇ. ಡ್ರೈವ್‌ವೇಯಲ್ಲಿ ನಿಂತ ಲಾರಿಯನ್ನು ಸುತ್ತುಹಾಕಿ ನೋಡಿದ.

“ಅಣ್ಣಾ, ಬೇಜಾರು ಮಾಡ್ಕೋಬೇಡಿ. ಎರಡು ವರ್ಷ ಪೇಂಟ್ ಮಾಡಿದ್ದು ಇದನ್ನೇನಾ? ನಮ್ಮ ಕಾರ್ಪೊರೇಷನ್ ಕಸದ ಲಾರಿ ಇದಕ್ಕಿಂತ ನೀಟಾಗಿರ್ತಿತ್ತು.”

“ಅದೇ ಬೇಕು ಇವ್ರಿಗೆ. ತುಕ್ಕು ಕಾಣ್ಬೇಕು.”

“ಹಂಗಾದ್ರೆ ನನ್ನ ಕಾರನ್ನೂ ಶೋಗೆ ಹಾಕಿ. ಬೀಚ್ ಗಾಳಿಗೆ ತುಕ್ಕು ಹಿಡ್ದು ಸಾಯ್ತಾ ಇದೆ,” ಎಂದು ನಕ್ಕ. ಮರಿಯಪ್ಪ ನಗದ್ದನ್ನು ಕಂಡು ಹತ್ತಿರ ಬಂದ. “ಯಾಕಣ್ಣಾ? ಪಿಆರ್ ಟೆನ್ಷನ್ನಾ?”

“ಗ್ಯಾರೇಜ್ ಬಾಗ್ಲು ಹಾಕ್ಕೊಂಡು ಸ್ವಲ್ಪ ಕೆಲಸ ಮಾಡ್ಲಾ? ಒಂದೆರಡು ಗಂಟೆ.”

“ಮಾಡಿ, ಮಾಡಿ. ನಾನು ಮೀಟಿಂಗಲ್ಲಿರ್ತೀನಿ. ವಾಸನೆ ಮಾತ್ರ ಮನೆಯೊಳಗೆ ಬರೋ ಹಂಗಿಲ್ಲ, ನಿಮ್ಮ ತಂಗಿ ನನ್ನ ಆಚೆಗೆ ಹಾಕ್ತಾಳೆ.”

ತಗ್ಗಿಸಿದ ಲಾರಿ ಹೇಗೋ ಪೂರ್ತಿ ಒಳಗೆ ಹಿಡಿಸಿತು. ಮರಿಯಪ್ಪ ಮೊಣಕಾಲೂರಿ ಬಾಗಿಲ ಮುಂದೆ ಕೂತ. ಇನ್ನೂ ಬಿಡಬಹುದಿತ್ತು. ಕೆಂಪು ಕಲೆಯನ್ನು ಹಾಗೇ ಬಿಟ್ಟು, ನಾಳೆ ಫ್ರ್ಯಾಂಕ್ ಬಂದಾಗ ಕೈಕಟ್ಟಿ ನಿಂತು ಹೇಳಬಹುದಿತ್ತು. ಅವನು ಅದನ್ನು ಯೋಚಿಸಲಿಲ್ಲವೆಂದಲ್ಲ. ಬಹಳ ಹೊತ್ತು ಯೋಚಿಸಿದ. ಆಮೇಲೆ ಹತ್ತಿಯ ತುದಿಯನ್ನು ಪೇಂಟು ಕರಗಿಸುವ ಥಿನ್ನರಿನಲ್ಲಿ ಅದ್ದಿದ.

ಥಿನ್ನರ್ ಕೆಂಪನ್ನು ತೆಗೆಯಿತು. ಜೊತೆಗೆ ‘ಸನ್’ ಎಂಬುದರ ಮೊದಲ ಅಕ್ಷರವಾದ ‘ಎಸ್’ನ ಕೆಳಗಿನ ಅರ್ಧವನ್ನೂ ತೆಗೆಯಿತು. ಹತ್ತಿಯ ತುಂಬ ಹಸಿರು. ಹಿಂದಿರುಗುವ ದಾರಿ ಅಲ್ಲಿಗೆ ಮುಗಿಯಿತು. ಇನ್ನು ಕೈ ನಡುಗುವ ಹಾಗಿಲ್ಲ. ನಾಲ್ಕು ಡಬ್ಬಿಗಳಿಂದ ಹನಿ ಹನಿ ಬೆರೆಸಿ, ಒಣಗಿಸಿ ನೋಡಿ, ಮತ್ತೆ ಬೆರೆಸಿ, ಎಪ್ಪತ್ತು ವರ್ಷದ ಹಸಿರನ್ನು ಹಿಡಿದ. ಎಸ್ ಅನ್ನು ಬರೆದ. ಮೊದಲು ಬರೆದವನ ಕೈ ಎಲ್ಲಿ ತಡವರಿಸಿತ್ತೋ ಅಲ್ಲೇ ತಡವರಿಸಿದ. ಒಣಗಿದ ಮೇಲೆ ಅದಕ್ಕೆ ಧೂಳಿನ ಪುಡಿ ಉಜ್ಜಿ, ಉಗುರಿನಿಂದ ಕೂದಲೆಳೆಯ ಬಿರುಕು ಕೊಟ್ಟ. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದ. ಬದುಕಿನಲ್ಲಿ ಅಷ್ಟು ಚೆನ್ನಾದ ಕೆಲಸ ಅವನು ಮಾಡಿರಲಿಲ್ಲ. ಅದಕ್ಕೇ ಮತ್ತೊಮ್ಮೆ ಅತ್ತ ನೋಡದೆ ಡಬ್ಬಿಗಳ ಮುಚ್ಚಳ ಹಾಕಿದ.

ಶನಿವಾರ ಬೆಳಗ್ಗೆ ಆರಕ್ಕೆಲ್ಲ ಲಾರಿ ಪ್ರದರ್ಶನದ ಮೈದಾನದಲ್ಲಿತ್ತು. ನೂರಾರು ಗಾಡಿಗಳು. ಬೆಂಕಿಯ ನಾಲಿಗೆ ಬರೆಸಿಕೊಂಡ ಕಪ್ಪು ಕೂಪೆ ಕಾರುಗಳು, ಎಂಜಿನ್ನನ್ನು ಬಾನೆಟ್ಟಿನಾಚೆ ಚಾಚಿಕೊಂಡ ನೇರಳೆ ಹಾಟ್ ರಾಡ್‌ಗಳು, ಸಕ್ಕರೆ ಅಚ್ಚಿನಂಥ ಹಳೇ ಹಾಲಿನ ಲಾರಿ. ಅಡಿಭಾಗವೂ ಕಾಣಲೆಂದು ಕೆಲವರು ಗಾಡಿಯ ಕೆಳಗೆ ಕನ್ನಡಿ ಹಾಸಿದ್ದರು. ಮಾಲೀಕರು ತಮ್ಮ ತಮ್ಮ ಗಾಡಿಯ ಪಕ್ಕ ಮಡಚುವ ಕುರ್ಚಿ ಹಾಕಿ, ಮದುವೆಮನೆಯ ಬೀಗರ ಹಾಗೆ ಕೂತಿದ್ದರು. ಹುರಿದ ಈರುಳ್ಳಿಯ ವಾಸನೆ, ಪೆಟ್ರೋಲಿನ ವಾಸನೆ. ಯಾರೋ ಎಂಜಿನ್ ಶುರು ಮಾಡಿದರೆ ನೆಲ ಅದುರಿ, ಚಪ್ಪಾಳೆ ಬೀಳುತ್ತಿತ್ತು.

ಹತ್ತು ಗಂಟೆಗೆ ತೀರ್ಪುಗಾರರು ಬಂದರು. ಅವರಲ್ಲಿ ಬಿಳಿ ಮೀಸೆಯ ಒಬ್ಬ ಮುದುಕ ಬೆಡ್‌ಫರ್ಡಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಟಾರ್ಚ್ ಬಿಟ್ಟು ನೋಡಿದ. ಜೊತೆಯವರನ್ನು ಕರೆದು ಆ ಎಸ್ ಅನ್ನೇ ತೋರಿಸಿದ.

“ನೋಡಿ ಇಲ್ಲಿ. ಕೈ ಹೇಗೆ ನಡುಗಿದೆ. ಇಂಥದ್ದನ್ನು ಈಗ ಯಾರೂ ಮಾಡಲಾರರು.”

ಡ್ಯಾರೆನ್ ಮರಿಯಪ್ಪನ ಬೆನ್ನಿಗೊಂದು ಹೊಡೆದ. “ಕೇಳಿಸಿತಾ ಮ್ಯಾರಿ? ಸೋಮವಾರ ಬೆಳಗ್ಗೆ ನೆನಪಿಸು. ಮೊದಲು ಸಹಿ, ಆಮೇಲೆ ಕಾಫಿ.”

ಮರಿಯಪ್ಪ ಬಾಗಿಲ ಕಡೆ ನೋಡದೆ ತಲೆಯಾಡಿಸಿದ. ಪ್ರಮೋದ್ ಹೆಂಡತಿಯ ಜೊತೆ ಬಂದವನು ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿ, ಹಾಲಿನ ಲಾರಿಯ ಕಡೆ ಫೋಟೋ ತೆಗೆಯಲು ಹೋದ.

ಹನ್ನೊಂದರ ಹೊತ್ತಿಗೆ ಫ್ರ್ಯಾಂಕ್ ಬಂದ. ಮರಿಯಪ್ಪ ಅವನನ್ನು ನೋಡಿದ್ದು ಅದೇ ಮೊದಲು. ಸಣ್ಣ ಆಳು, ಇಸ್ತ್ರಿ ಮಾಡಿದ ಶರಟು, ದೊಡ್ಡ ದೊಡ್ಡ ಕೈ. ಲಾರಿ ಕಂಡೊಡನೆ ಟೋಪಿ ತೆಗೆದ. ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ, ಎಂಜಿನ್ ನೋಡಿ ನಕ್ಕ. “ಇದು ಅಪ್ಪನ ಕೈಗೆ ಸಿಕ್ಕಿದ್ದಿದ್ದರೆ ಹೂಕೋಸು ಮಾರ್ಕೆಟ್ ದಾಟಿ ಸಮುದ್ರಕ್ಕೆ ಹೋಗಿ ಬೀಳುತ್ತಿತ್ತು,” ಎಂದ. ಡ್ಯಾರೆನ್ ಹೊಟ್ಟೆ ಹಿಡಿದು ನಕ್ಕ. “ಇವನೇ ಮ್ಯಾರಿ, ಮೈಯೆಲ್ಲ ಇವನ ಕೆಲಸ,” ಎಂದು ಪರಿಚಯಿಸಿದ. ಫ್ರ್ಯಾಂಕ್ ಎರಡೂ ಕೈಯಿಂದ ಮರಿಯಪ್ಪನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಆಮೇಲೆ ಅವನು ಬಾಗಿಲ ಬಳಿ ಹೋದ. ಓದಲಿಲ್ಲ. ಕಣ್ಣು ಮುಚ್ಚಿಕೊಂಡು, ಕುರುಡರು ಓದುವ ಹಾಗೆ, ಹೆಬ್ಬೆರಳನ್ನು ಅಕ್ಷರಗಳ ಮೇಲೆ ಮೆಲ್ಲಗೆ ನಡೆಸಿದ. ಎಸ್ ಹತ್ತಿರ ಬೆರಳು ನಿಂತಿತು. ಮೇಲೆ ಹೋಯಿತು, ಕೆಳಗೆ ಬಂತು. ಮತ್ತೆ ಹೋಯಿತು.

“ಇಲ್ಲೊಂದು ಕೂದಲಿತ್ತು,” ಎಂದ ಫ್ರ್ಯಾಂಕ್, ಕಣ್ಣು ತೆರೆಯದೆ. “ಬ್ರಷ್ಷಿನ ಕೂದಲು. ಬರೆಯುವಾಗ ಪೇಂಟಿಗೆ ಅಂಟಿ ಅಲ್ಲೇ ಒಣಗಿತ್ತು. ಮಾರ್ಕೆಟ್ಟಿಗೆ ಹೋಗುವಾಗ ಕಿಟಕಿಯಿಂದ ಕೈ ಇಳಿಬಿಟ್ಟು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಕೀಳಬೇಡ ಅಂತ ಅಪ್ಪ ಬೈಯುತ್ತಿದ್ದ.”

“ಹಳೇ ಪೇಂಟಲ್ವಾ ಫ್ರ್ಯಾಂಕ್, ಉದುರಿರಬಹುದು,” ಎಂದ ಡ್ಯಾರೆನ್. “ಆ ಬಾಗಿಲನ್ನು ಯಾರೂ ಮುಟ್ಟಿಲ್ಲ. ನಾನು ಗ್ಯಾರಂಟಿ.”

ಅಷ್ಟಕ್ಕೆ ಬಿಟ್ಟಿದ್ದರೆ ಬಹುಶಃ ನಡೆದುಹೋಗುತ್ತಿತ್ತು. ಫ್ರ್ಯಾಂಕ್ ಕೂಡ ಹೌದೇನೋ ಎಂಬಂತೆ ತಲೆಯಾಡಿಸಿದ. ಆದರೆ ಅವನ ಹೆಬ್ಬೆರಳು ಇನ್ನೂ ಅಲ್ಲೇ ಆಡುತ್ತಿತ್ತು, ಇಲ್ಲದ ಕೂದಲನ್ನು ಹುಡುಕುತ್ತ. ಮರಿಯಪ್ಪ ಬಳಿದ ಪೇಂಟಿನ ಮೇಲೆ. ಅದನ್ನು ನೋಡುತ್ತ ನಿಲ್ಲುವುದು ಮರಿಯಪ್ಪನಿಂದ ಆಗಲಿಲ್ಲ.

“ನಾನು ಮುಟ್ಟಿದ್ದೀನಿ,” ಎಂದ.

ಅವನ ಇಂಗ್ಲಿಷು ಅಂಥ ಹೊತ್ತಿಗೆ ಕೈಕೊಡುತ್ತಿತ್ತು. ಆದರೂ ಹೇಳಿದ. ಪೂಜೆ, ಹಿರಿಯರ ಹೆಸರು, ಕುಂಕುಮ, ಕಲೆ, ಬಿಸಿಲು, ಥಿನ್ನರ್, ನಿನ್ನೆಯ ಗ್ಯಾರೇಜು. ಡ್ಯಾರೆನ್‌ನ ಮುಖ ಮೊದಲು ಅರ್ಥವಾಗದೆ ನಗುತ್ತಿತ್ತು, ಆಮೇಲೆ ಒಂದೊಂದೇ ಪದರ ಕೆಂಪಾಗುತ್ತ ಬಂತು. ಫ್ರ್ಯಾಂಕ್ ನೆಲ ನೋಡುತ್ತ ಪೂರ್ತಿ ಕೇಳಿದ.

“ನಿನ್ನ ಅಪ್ಪ ಇದ್ದಾರಾ?” ಎಂದು ಕೇಳಿದ ಕೊನೆಗೆ.

“ಇಲ್ಲ.”

“ಅವರು ಬರೆದದ್ದು ಏನಾದರೂ ಇಟ್ಟುಕೊಂಡಿದ್ದೀಯಾ?”

“ಅವರಿಗೆ ಬರೆಯೋಕೆ ಬರ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದರು.”

ಫ್ರ್ಯಾಂಕ್ ತನ್ನ ಹೆಬ್ಬೆರಳನ್ನು ನೋಡಿಕೊಂಡ. “ಕೆಂಪು ಇದ್ದಿದ್ದರೆ ನನಗೇನೂ ಆಗುತ್ತಿರಲಿಲ್ಲ. ನಮ್ಮಮ್ಮ ಸಂತರ ವಿಗ್ರಹದ ಕಾಲಿಗೆ ಎಣ್ಣೆ ಹಚ್ಚಿ ಹಚ್ಚಿ ಕಪ್ಪು ಮಾಡಿದ್ದಳು. ನೀನು ಇಟ್ಟ ಬೊಟ್ಟು ನನಗೆ ಅರ್ಥವಾಗುತ್ತಿತ್ತು.” ಬಾಗಿಲನ್ನು ತೋರಿಸಿದ. “ಇದು ಅರ್ಥವಾಗುವುದಿಲ್ಲ. ಇಷ್ಟು ಚೆನ್ನಾಗಿ ಮಾಡಿದ್ದೀಯಲ್ಲ.”

ಅವನು ಕೂಗಾಡಲಿಲ್ಲ. ಟೋಪಿ ಹಾಕಿಕೊಂಡು ಸಂಘಟಕರ ಮೇಜಿಗೆ ಹೋಗಿ ಲಾರಿಯನ್ನು ಸ್ಪರ್ಧೆಯಿಂದ ವಾಪಸು ತೆಗೆದುಕೊಂಡ. ಮಧ್ಯಾಹ್ನ ಒಂದಕ್ಕೆ ಮಗಳನ್ನು ಕರೆಸಿ, ತಾನೇ ಓಡಿಸಿಕೊಂಡು ವೆರಿಬೀಗೆ ಹೊರಟ. ಜನ ದಾರಿ ಬಿಟ್ಟು ನಿಂತು, ಎಂಜಿನ್ನಿನ ಸದ್ದಿಗೆ ಎಲ್ಲರಿಗೂ ಮಾಡಿದ ಹಾಗೇ ಚಪ್ಪಾಳೆ ತಟ್ಟಿದರು.

ಭಾನುವಾರ ಖಾಲಿ ಟ್ರೇಲರ್ ಎಳೆದುಕೊಂಡು ವಾಪಸು. ಖಾಲಿ ಟ್ರೇಲರ್ ರಸ್ತೆಯ ಪ್ರತಿ ಉಬ್ಬಿಗೂ ಕುಣಿದು ಸದ್ದು ಮಾಡುತ್ತಿತ್ತು. ಅರ್ಧ ದಾರಿಯಲ್ಲಿ ಗಂಡಗೈ ಹತ್ತಿರ ಪೆಟ್ರೋಲ್ ಹಾಕಿಸಿದ ಮೇಲೆ ಡ್ಯಾರೆನ್ ಮೊದಲ ಸಲ ಬಾಯಿಬಿಟ್ಟ.

“ಪೂಜೆ ಮಾಡು ಅಂದವನು ನಾನೇ. ಅದಕ್ಕೆ ನಿನ್ನನ್ನು ಬೈಯಲ್ಲ. ಕಲೆ ಆದಾಗ ಹೇಳಿದ್ದರೂ ಬೈತಿರಲಿಲ್ಲ.” ರಸ್ತೆ ನೋಡುತ್ತ ಮುಂದುವರಿಸಿದ. “ಅಷ್ಟು ಜನರ ಮುಂದೆ ನಾನು ಗ್ಯಾರಂಟಿ ಅಂದೆ, ಮ್ಯಾರಿ. ಸರ್ಕಾರದ ಕಾಗದದಲ್ಲಿ ನಿನ್ನ ಬಗ್ಗೆಯೂ ಅದನ್ನೇ ಬರೆಯಬೇಕು. ಈಗ ಹೇಗೆ ಬರೆಯಲಿ? ಕೆಲಸದಿಂದ ತೆಗೆಯಲ್ಲ. ಸ್ವಲ್ಪ ದಿನ ಹೋಗಲಿ. ಕ್ರಿಸ್‌ಮಸ್ ಕಳೀಲಿ, ನೋಡೋಣ.”

ಇಪ್ಪತ್ನಾಲ್ಕನೇ ತಾರೀಖಿನ ವಿಷಯ ಅವನಿಗೆ ಮರೆತಿತ್ತೋ, ಮರೆಯುವುದೇ ಅನುಕೂಲವೆಂದುಕೊಂಡನೋ. ನೆನಪಿಸಲು ಮರಿಯಪ್ಪನಿಗೆ ಬಾಯಿ ಬರಲಿಲ್ಲ. ಕೇಳುವ ಹಕ್ಕು ತನಗಿದೆಯೇ ಎಂದು ಯೋಚಿಸುವಷ್ಟರಲ್ಲಿ ಗೋಲ್ಬರ್ನ್ ಬಂತು. ಸಿಡ್ನಿಯೂ ಬಂತು.

ಮಾಧುರಿ ಕೇಳಿದ್ದು ಒಂದೇ. “ಅವ್ರೇ ಉದುರಿರ್ಬೋದು ಅಂದ್ರಲ್ಲ. ನೀವ್ಯಾಕ್ರೀ ಬಾಯ್ ಬಿಟ್ರಿ?”

ಅವನು ಷೂ ಬಿಚ್ಚುತ್ತ ಕೂತಿದ್ದ.

“ಹೇಳೋದಾಗಿದ್ರೆ ಅವತ್ತೇ ಹೇಳ್ಬೇಕಿತ್ತು. ಮುಚ್ಚೋದಾಗಿದ್ರೆ ಪೂರ್ತಿ ಮುಚ್ಬೇಕಿತ್ತು. ನೀವು ಎರಡೂ ಮಾಡ್ಲಿಲ್ಲ. ಆ ಮಗು ಮುಖ ನೋಡಿ ಹೇಳಿ ನಂಗೆ, ಯಾಕೆ?”

“ಆ ಯಜಮಾನ್ರು ಹುಡುಕ್ತಾ ಇದ್ರು ಕಣೇ,” ಎಂದ. ಆದ್ಯಾ ಕೋಣೆಯಿಂದ ಬಂದು, “ಇಟ್ಸ್ ಓಕೆ, ಅಪ್ಪಾ,” ಎಂದು ಅವನ ತಲೆ ನೇವರಿಸಿ ಹೋದಳು. ಅವಳ ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಏಜೆಂಟಮ್ಮ ಮೂರು ಸಲ ಡ್ಯಾರೆನ್‌ಗೆ ಫೋನ್ ಮಾಡಿದಳು. ಮೂರನೆಯ ಸಲ ಅವನು ಫೋನ್ ಎತ್ತಲಿಲ್ಲ. ಮರಿಯಪ್ಪ ಎರಡು ಸಲ ಆಫೀಸಿನ ಬಾಗಿಲವರೆಗೆ ಹೋಗಿ ಬಂದ. ಒಮ್ಮೆ ಒಳಗೂ ಹೋಗಿ, ಇಪ್ಪತ್ನಾಲ್ಕರ ಮೊದಲೇ ಅರ್ಜಿ ಹೋಗಬೇಕು ಎಂದು ಹೇಳಿದ. ಡ್ಯಾರೆನ್ ಬಹಳ ಹೊತ್ತು ಫೈಲನ್ನೇ ನೋಡಿದ. “ಒತ್ತಾಯ ಮಾಡಬೇಡ ಮೇಟ್,” ಎಂದ, ಬೇಡಿಕೊಳ್ಳುವ ದನಿಯಲ್ಲಿ. ಒತ್ತಾಯ ಮಾಡುವುದು ಮರಿಯಪ್ಪನಿಗೆ ಮೊದಲೂ ಬರುತ್ತಿರಲಿಲ್ಲ.

ಇಪ್ಪತ್ನಾಲ್ಕು ಶುಕ್ರವಾರ. ಫೈಲು ಸಹಿಯಿಲ್ಲದೆ ಹಾಗೇ ಇತ್ತು. ಅವನು ಎಂದಿನಂತೆ ಏಳಕ್ಕೆ ಕೆಲಸಕ್ಕೆ ಹೋದ. ಹೊಸದಾಗಿ ಬಂದಿದ್ದ ಒಂದು ಹಳೇ ಪಿಕಪ್ಪಿನ ಮಡ್‌ಗಾರ್ಡಿಗೆ ಪುಟ್ಟಿ ಹಚ್ಚುತ್ತಿದ್ದ. ಹತ್ತು ಗಂಟೆಯ ವಿರಾಮಕ್ಕೆ ಯಾರೋ ದೀಪ ಆರಿಸಿದರು. ಡ್ಯಾರೆನ್ ಆಫೀಸಿನಿಂದ ಕೇಕ್ ಹಿಡಿದು ಬಂದ. ಕೇಕಿನ ಮೇಲೆ ನಾಲ್ಕು ಮತ್ತು ಐದರ ಆಕಾರದ ಎರಡು ಮೇಣದಬತ್ತಿ ಉರಿಯುತ್ತಿದ್ದವು. ಕೆಲಸದವರೆಲ್ಲ ಸುತ್ತ ನಿಂತು, ರಾಗ ತಪ್ಪಿಸಿ, ಗಟ್ಟಿಯಾಗಿ ಹಾಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಡ್ಯಾರೆನ್ ಮಾತ್ರ ಹಾಡುವಾಗ ಇವನ ಕಣ್ಣು ತಪ್ಪಿಸಿ ಮೇಣದಬತ್ತಿಯನ್ನು ನೋಡುತ್ತಿದ್ದ. ಅವನದು ಒಳ್ಳೆಯ ಮನಸ್ಸು, ಅದರಲ್ಲಿ ಮರಿಯಪ್ಪನಿಗೆ ಇವತ್ತಿಗೂ ಅನುಮಾನವಿಲ್ಲ.

“ಏನಾದರೂ ಕೇಳಿಕೋ, ಮ್ಯಾರಿ. ಮನಸ್ಸಿನಲ್ಲೇ. ಹೊರಗೆ ಹೇಳಬಾರದು,” ಎಂದರು ಯಾರೋ.

ಎಲ್ಲರೂ ಕಾಯುತ್ತಿದ್ದರು. ಮೇಣ ಕರಗಿ ಐದರ ಬುಡದಲ್ಲಿ ಸೋರುತ್ತಿತ್ತು. ಮರಿಯಪ್ಪ ಕೇಳಿಕೊಳ್ಳಲು ಏನಾದರೂ ಇದೆಯೇ ಎಂದು ಪ್ರಾಮಾಣಿಕವಾಗಿ ಹು​ಡುಕಿದ. ಜೂನ್‌ವರೆಗೆ ವೀಸಾ ಇತ್ತು. ಅಷ್ಟರೊಳಗೆ ಆದ್ಯಾಳ ಶಾಲೆಯ ಕಾಗದಪತ್ರ ತೆಗೆಸಬೇಕು, ಬೆಂಗಳೂರಿನಲ್ಲಿ ಮನೆ ನೋಡಬೇಕು, ಮಾಧುರಿಯ ಕೆಲಸದಲ್ಲಿ ಹೇಳಬೇಕು. ಇವು ಮಾಡಬೇಕಾದ ಕೆಲಸಗಳು, ಕೇಳಿಕೊಳ್ಳುವಂಥವಲ್ಲ. ಬೇರೇನೂ ಸಿಗಲಿಲ್ಲ. ಜನರನ್ನು ಹೆಚ್ಚು ಕಾಯಿಸಬಾರದೆಂದು ಊದಿದ.

ಕೊಟ್ಟ ತುಂಡನ್ನು ಪೂರ್ತಿ ತಿಂದ. ತಟ್ಟೆ ತೊಳೆದಿಟ್ಟ. ವಾಪಸು ಬಂದಾಗ ಮಡ್‌ಗಾರ್ಡಿನ ಪುಟ್ಟಿ ಅರ್ಧಕ್ಕೇ ಒಣಗಿ ಕಲ್ಲಾಗಿತ್ತು. ಅದನ್ನೆಲ್ಲ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಹಚ್ಚಬೇಕಾಗಿತ್ತು. ಸ್ಯಾಂಡ್ ಪೇಪರ್ ಹರಿದು ಮರದ ತುಂಡಿಗೆ ಸುತ್ತಿಕೊಂಡು ಅವನು ಉಜ್ಜತೊಡಗಿದ.